ಅಮ್ಮ, ಅತ್ತೆ, ಮೂರು ಕೊರಿಯನ್ ಸೀರಿಯಲ್: ಯಾವುದಕ್ಕೆ ಅತ್ರು, ಯಾವುದಕ್ಕೆ ಬೈದ್ರು

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಮೂರೂ ಡ್ರಾಮಾದ ಕಥೆ ಬಿಚ್ಚಿಟ್ಟಿದೀನಿ, ನೋಡ್ಬೇಕು ಅಂತಿರೋರು ನೋಡ್ಕೊಂಡು ಆಮೇಲೆ ಬನ್ನಿ.

ಅಮ್ಮಂಗೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳು ನಮ್ಮನೇಲೇ ಇದ್ಲು. ಅತ್ತೆ ಹೇಗಿದ್ರೂ ನಮ್ ಜೊತೇಲೇ ಇರೋದು. ಇಬ್ಬರೂ ಸೇರಿದ್ರೆ ಸಂಜೆ ಆರರಿಂದ ಒಂಬತ್ತೂವರೆ ತನಕ ಟೀವಿ ರಿಮೋಟ್ ನಮ್ ಕೈಗೆ ಬರೋ ಮಾತೇ ಇಲ್ಲ. ಅದೇ ಸೀರಿಯಲ್, ಅದೇ ಅತ್ತೆ ವಿಷ ಬೆರೆಸೋದು, ಅದೇ ಮೂರ್ಮೂರು ಸಲ ಮುಖದ ಮೇಲೆ ಜೂಮ್. ತಡ್ಕೊಳ್ಳೋಕಾಗ್ದೆ ಒಂದಿನ ನಾನೇ "ಒಂದ್ಸಲ ಕೊರಿಯಾದವ್ರ ಸಂಸಾರ ನೋಡಿ" ಅಂತ ಹಾಕ್ದೆ. ಕನ್ನಡ ಡಬ್ ಸಿಗ್ಲಿಲ್ಲ. ಅಮ್ಮಂಗೆ ಇಂಗ್ಲಿಷ್ ಸಬ್‌ಟೈಟಲ್ ನಿಧಾನಕ್ಕೆ ಕೂಡಿಸಿ ಓದೋಕೆ ಬರುತ್ತೆ, ಆದ್ರೆ ಅವಳು ಓದಿ ಮುಗಿಸೋಷ್ಟ್ರಲ್ಲಿ ಸೀನ್ ಮುಗ್ದಿರುತ್ತೆ, ಅತ್ತೆಗೆ ಇಂಗ್ಲಿಷೇ ಬರಲ್ಲ. ಹಂಗಾಗಿ ಪಾಸ್ ಒತ್ತಿ ನಿಲ್ಲಿಸೋದು ನಾನು, ಕನ್ನಡದಲ್ಲಿ ಹೇಳೋದು ನಾನು, ಮಧ್ಯ ಹಾಲು ಉಕ್ಕಿದ್ರೆ ಓಡೋದೂ ನಾನೇ.

ಮೂರು ನೋಡಿದ್ವಿ. ರಿಪ್ಲೈ 1988, ಅದು 2015-16ರದ್ದು, 20 ಎಪಿಸೋಡ್. ಮೈ ಗೋಲ್ಡನ್ ಲೈಫ್, 2017-18, 52 ಎಪಿಸೋಡ್. ಆಮೇಲೆ 2025ರ ಮಾರ್ಚಲ್ಲಿ ಬಂದ ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್, 16 ಎಪಿಸೋಡ್. ಇದನ್ನ ಮನೇಲಿ "ಕಿತ್ತಳೆ" ಅಂತ್ಲೇ ಕರಿಯೋದು, ಇಲ್ಲೂ ಹಂಗೇ ಬರೀತೀನಿ.

1988ರಿಂದ ಶುರು ಮಾಡಿದ್ವಿ. ಸಿಯೋಲ್‌ನ ಸಾಂಗ್‌ಮುನ್-ಡಾಂಗ್ ಅಂತ ಒಂದು ಏರಿಯಾ, ಅಲ್ಲೊಂದು ಗಲ್ಲಿ, ಐದು ಮನೆ, ಐದು ಜನ ಹುಡುಗ್ರು, ಒಲಿಂಪಿಕ್ಸ್ ನಡೆದ ವರ್ಷ, ಅಷ್ಟೇ ಕಥೆ. ಮೊದಲನೇ ಎಪಿಸೋಡಲ್ಲೇ ರಾತ್ರಿ ಊಟದ ಹೊತ್ತು ಒಬ್ಬೊಬ್ಬ ಅಮ್ಮಂದಿರೂ ಮಕ್ಕಳ ಕೈಲಿ ಏನೋ ಒಂದು ತಟ್ಟೇಲಿ ಹಾಕಿ ಪಕ್ಕದ ಮನೆಗೆ ಕಳಿಸ್ತಾರೆ, ಆ ಮನೆಯವ್ರು ಖಾಲಿ ಪಾತ್ರೆ ವಾಪಸ್ ಕಳ್ಸಲ್ಲ, ಅದ್ರಲ್ಲಿ ಇನ್ನೇನೋ ತುಂಬಿ ಕಳಿಸ್ತಾರೆ, ಕೊನೆಗೆ ಗಲ್ಲಿ ತುಂಬಾ ತಟ್ಟೆ ಹಿಡ್ಕೊಂಡ ಹುಡುಗ್ರು ಒಬ್ರಿಗೊಬ್ರು ಡಿಕ್ಕಿ ಹೊಡ್ಯೋ ಹಂಗೆ ಓಡಾಡ್ತಿರ್ತಾರೆ, ಇದ್ಕಿಂತ ಎಲ್ರೂ ಒಟ್ಟಿಗೇ ಕೂತು ತಿನ್ನಬಹುದಲ್ಲ ಅಂತ ಗೊಣಗ್ತಾರೆ. ಇದಕ್ಕೆ ನಾನು ಒಂದಕ್ಷರ ಅನುವಾದ ಮಾಡ್ಬೇಕಾಗಿರ್ಲಿಲ್ಲ. ಅಮ್ಮ "ಅರಸೀಕೆರೆ ವಠಾರ" ಅಂದ್ಲು. ಅಲ್ಲಿಗೆ ಅವಳು ಸೀರಿಯಲ್ ಒಳಗೆ ಹೋದ್ಲು.

ಎರಡನೇ ಎಪಿಸೋಡಲ್ಲಿ ಡಾಕ್‌ಸನ್ ಅನ್ನೋ ಹುಡುಗಿಯ ಅಜ್ಜಿ ಸಾಯ್ತಾರೆ. ಮಕ್ಕಳು ಅಳ್ತಾ ಊರಿಗೆ ಬಂದ್ರೆ ಅಪ್ಪ, ಅತ್ತೆಯರು ಎಲ್ಲಾ ಬಂದವ್ರ ಜೊತೆ ತಿನ್ಕೊಂಡು ಕುಡ್ಕೊಂಡು ನಗ್ತಾ ಮಾತಾಡ್ತಿದಾರೆ, ಡಾಕ್‌ಸನ್‌ಗೆ ಇವ್ರಿಗೆ ದುಃಖಾನೇ ಇಲ್ವಾ ಅನ್ಸುತ್ತೆ. ರಾತ್ರಿ ಎಲ್ರೂ ಹೋದ್ಮೇಲೆ ಅಮೆರಿಕದಿಂದ ಅಪ್ಪನ ದೊಡ್ಡಣ್ಣ ಬಂದು ಬಾಗಿಲಲ್ಲಿ ನಿಲ್ತಾನೆ, ಅಲ್ಲಿ ಒಡೆಯುತ್ತೆ ನೋಡಿ ಕಟ್ಟೆ, ಅಷ್ಟು ದೊಡ್ಡ ಗಂಡಸರು ಚಿಕ್ಕಮಕ್ಕಳ ಥರ ಅಳ್ತಾರೆ. ಅತ್ತೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ಕೊಂಡ್ರು. "ಬಂದೋರಿಗೆ ಊಟ ಆಯ್ತಾ ಕೇಳೋದ್ರಲ್ಲೇ ನಮಗೆ ಅಳೋಕೆ ಟೈಮ್ ಸಿಗಲ್ಲ" ಅಂತ ಮಾತ್ರ ಹೇಳಿದ್ರು. ಮಾವ ಹೋಗಿ ಆರು ವರ್ಷ ಆಯ್ತು, ಅವತ್ತು ಇವ್ರು ಅತ್ತಿದ್ದು ನಾನಂತೂ ನೋಡಿಲ್ಲ.

ಆದ್ರೆ ಅಸಲು ಪೆಟ್ಟು ಬಿದ್ದಿದ್ದು ಪಾಸ್‌ಪೋರ್ಟ್ ಸೀನಲ್ಲಿ. ಜಂಗ್‌ಹ್ವಾನ್ ಅನ್ನೋ ಹುಡುಗನ ಅಮ್ಮ, ಇಡೀ ಗಲ್ಲೀಲಿ ಜೋರು ಬಾಯಿ ಅವಳದ್ದೇ. ಪಾಸ್‌ಪೋರ್ಟ್‌ಗೆ ಹೆಸರು ಇಂಗ್ಲಿಷಲ್ಲಿ ಬರೀಬೇಕು. ಮಗನನ್ನ ಕೇಳ್ತಾಳೆ, ಅವನು ನೀನೇ ಬರ್ಕೋಬಾರ್ದಾ ಅನ್ನೋ ಹಂಗೆ ಮಾಡ್ತಾನೆ, ಅವಳು ಸುಮ್ನಿದ್ದು ಆಮೇಲೆ ಮೆಲ್ಲಗೆ ಅಮ್ಮಂಗೆ ಇಂಗ್ಲಿಷ್ ಬರಲ್ಲ ಅಂತಾಳೆ. ಆ ಹುಡುಗನ ಮುಖ ನೋಡ್ಬೇಕು. ಈಗ ನನ್ ಪರಿಸ್ಥಿತಿ ಯೋಚ್ನೆ ಮಾಡಿ, ಈ ಮಾತನ್ನ ಇಂಗ್ಲಿಷ್ ಸಬ್‌ಟೈಟಲ್‌ನಿಂದ ಓದಿ ಕನ್ನಡಕ್ಕೆ ಮಾಡಿ ನಮ್ಮಮ್ಮಂಗೆ, ನಮ್ಮತ್ತೆಗೆ ಹೇಳ್ಬೇಕು. ಪಾಸ್ ಒತ್ತಿದೀನಿ, ಬಾಯಿಂದ ಮಾತು ಬರ್ತಿಲ್ಲ. ಅಮ್ಮನೇ "ಗೊತ್ತಾಯ್ತು, ಮುಂದಕ್ಕೆ ಬಿಡು" ಅಂದ್ಲು. ಹಿಂದಿನ ವಾರ ತಾನೇ ಬ್ಯಾಂಕ್ ಆ್ಯಪ್ ಹೇಳ್ಕೊಡ್ತಾ "ಎಷ್ಟ್ ಸಲ ಹೇಳೋದಮ್ಮಾ" ಅಂತ ರೇಗಿದ್ದೆ.

ಈ ಸೀರಿಯಲ್‌ನ ತಲೆನೋವು ಅಂದ್ರೆ ಗಂಡ ಯಾರು ಅನ್ನೋ ಆಟ. ಡಾಕ್‌ಸನ್ ಮುಂದೆ ಯಾರನ್ನ ಮದ್ವೆ ಆಗ್ತಾಳೆ ಅಂತ ಕೊನೆ ತನಕ ಎಳೀತಾರೆ. ಕೊರಿಯಾದಲ್ಲಿ ಇದಕ್ಕೆ ಜನ ಎರಡು ಪಾರ್ಟಿ ಆಗಿದ್ರು, ಜಂಗ್‌ಹ್ವಾನ್ ಪಾತ್ರ ಮಾಡಿದ ರ್ಯೂ ಜುನ್-ಯೋಲ್ ಕಡೆಯವ್ರದ್ದು "ಏನೇ ಆದ್ರೂ ಗಂಡ ರ್ಯೂನೇ" ಅನ್ನೋದನ್ನ ತುಂಡರಿಸಿ ಮಾಡಿದ ಒಂದು ಪದ, ಅದೇ ಗಲ್ಲಿಯ, ಗೋ ಅನ್ನೋ ಬೋರ್ಡ್ ಆಟದ ಆಟಗಾರ ಟೇಕ್ ಕಡೆಯವ್ರದ್ದು ಅದೇ ಥರ ಇನ್ನೊಂದು ಪದ, ಕೊನೆಗೆ ಟೇಕ್ ಗೆದ್ದಾಗ ಒಂದು ಪಾರ್ಟಿ ಕೆಂಡ ಕಾರ್ತು. ನಮ್ಮನೇಲಿ ನಾನು ಜಂಗ್‌ಹ್ವಾನ್ ಪಾರ್ಟಿ. ಪಾಪ ಅವನು ಅವಳನ್ನ ನೋಡೋಕೆ ಕಾರಲ್ಲಿ ಹೊರಟ್ರೆ ಪ್ರತಿ ಸಿಗ್ನಲ್ಲೂ ಕೆಂಪು, ಮುಟ್ಟೋಷ್ಟ್ರಲ್ಲಿ ಟೇಕ್ ಮುಂದೆ ನಿಂತಿರ್ತಾನೆ. ಬೆಂಗ್ಳೂರಿನ ನನ್ ತಮ್ಮ ಫೋನಲ್ಲಿ ಕೇಳಿ "ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕ್ಕೊಂಡು ಎಷ್ಟು ಮದ್ವೆ ತಪ್ಪಿರ್ಬೇಕು" ಅಂದ. ಅಮ್ಮ, ಅತ್ತೆ ಇಬ್ರಿಗೂ ಈ ಗಂಡ ಹುಡುಕೋ ಆಟ ಒಂಚೂರೂ ಬೇಕಾಗಿರ್ಲಿಲ್ಲ, "ಆ ಹುಡುಗ್ರದ್ದು ಓಡಿಸು, ಅಮ್ಮಂದಿರು ಜಗಲಿ ಮೇಲೆ ಕೂರೋದು ಹಾಕು". ನಂಗನ್ಸೋದೂ ಅದೇ, ಸೀರಿಯಲ್‌ನ ಜೀವ ಇರೋದು ಬೀದೀಲಿ ಕೂತ ಆ ಮೂರು ಹೆಂಗಸರಲ್ಲಿ. ಇನ್ನೊಂದು, ಒಂದೊಂದು ಎಪಿಸೋಡ್ ಒಂದೂವರೆ ಗಂಟೆ, ಕೆಲವು ಇನ್ನೂ ಜಾಸ್ತಿ. ನಾನು ಪಾಸ್ ಮಾಡಿ ಮಾಡಿ ಎರಡೂವರೆ ಗಂಟೆ ಆಗೋದು.

ಮುಂದಿಂದು ಕಿತ್ತಳೆ. ಇದನ್ನ ನಾನು ಒಬ್ಳೇ ಮೊದ್ಲೇ ನೋಡಿ ಮುಗ್ಸಿದ್ದೆ, ಅಮ್ಮಂಗೆ ತೋರಿಸ್ಲೇಬೇಕು ಅಂತ ಆಸೆ. ಜೆಜು ದ್ವೀಪದ ಕಥೆ, ಆ್ಯಸುನ್ ಅನ್ನೋ ಹುಡುಗಿ, ಅವಳನ್ನ ಚಿಕ್ಕಂದಿನಿಂದ ಬಾಯ್ಬಿಡದೆ ಪ್ರೀತಿಸೋ ಗ್ವಾನ್‌ಶಿಕ್. ಅವಳಮ್ಮ ಆಕ್ಸಿಜನ್ ಇಲ್ದೆ ಉಸಿರು ಕಟ್ಟಿ ಸಮುದ್ರದ ತಳಕ್ಕೆ ಮುಳುಗಿ ಅಬಲೋನಿ ಅನ್ನೋ ಚಿಪ್ಪಿನ ಮೀನು ಕಿತ್ತು ತರೋ ಹ್ಯಾನ್ಯೊ, 29ನೇ ವಯಸ್ಸಿಗೇ ಹೋಗ್ಬಿಡ್ತಾಳೆ. ಆ ಅಮ್ಮನ ಪಾತ್ರ ಮಾಡಿರೋ ಯೋಮ್ ಹೇ-ರಾನ್‌ಗೆ 2025ರ ಬೆಕ್‌ಸಾಂಗ್ ಪ್ರಶಸ್ತೀಲಿ ಪೋಷಕ ನಟಿ ಬಹುಮಾನ ಬಂತು, ಸೀರಿಯಲ್‌ಗೂ ಬಂತು, ಬರ್ದೇ ಇದ್ರೆ ನಾನೇ ಜಗಳಕ್ಕೆ ಹೋಗ್ತಿದ್ದೆ.

ತೋರಿಸಿದ್ರೆ ಮೊದಲ ದಿನಾನೇ ಗೊಂದಲ. ಐಯು ಅನ್ನೋ ನಟಿ ಚಿಕ್ಕ ವಯಸ್ಸಿನ ಆ್ಯಸುನ್ನೂ ಅವಳೇ, ಮುಂದೆ ಆ್ಯಸುನ್ ಮಗಳೂ ಅವಳೇ. ಕಥೆ 1960ಕ್ಕೆ ಹೋಗುತ್ತೆ, 90ಕ್ಕೆ ಬರುತ್ತೆ, ಮತ್ತೆ ಹಿಂದಕ್ಕೆ. ಅತ್ತೆ "ಇವ್ಳು ಈಗ ತಾನೇ ಮುದುಕಿ ಆಗಿದ್ಲಲ್ಲಮ್ಮಾ" ಅಂತ ಕೇಳ್ತಾನೇ ಇದ್ರು. ಮೇಲಿಂದ ಗ್ವಾನ್‌ಶಿಕ್ ಆಗಿರೋ ಪಾರ್ಕ್ ಬೊ-ಗಮ್ 1988ರಲ್ಲಿ ಟೇಕ್ ಆಗಿದ್ದವ್ನೇ, "ಅಯ್ಯೋ, ಅಲ್ಲಿ ಚೆನ್ನಾಗಿ ಆಟ ಆಡ್ಕೊಂಡು ದುಡ್ಡು ಮಾಡ್ತಿದ್ನಲ್ಲ, ಇಲ್ಯಾಕೆ ಮೀನು ಹೊರ್ತಿದಾನೆ" ಅಂತ ಅಮ್ಮ.

ದಾರಿಗೆ ಬಂದಿದ್ದು ಊಟದ ಸೀನಿಂದ. ಗಂಡಸರಿಗೆಲ್ಲ ಒಂದು ದೊಡ್ಡ ಮೇಜು, ಹೆಂಗಸರು ಪಕ್ಕದಲ್ಲಿ ಚಿಕ್ಕ ಮೇಜಲ್ಲಿ ಮುದುರ್ಕೊಂಡು ತಿನ್ಬೇಕು. ಗ್ವಾನ್‌ಶಿಕ್ ಒಂದು ಮಾತಾಡಲ್ಲ, ಕೂತಲ್ಲೇ ತಿರುಗಿ ಗಂಡಸರ ಮೇಜಿಗೆ ಬೆನ್ನು ಹಾಕಿ ಹೆಂಡತಿ ಕಡೆ ಮುಖ ಮಾಡಿ ಊಟ ಶುರು ಮಾಡ್ತಾನೆ. ಅಷ್ಟೇ. ಇಬ್ಬರು ಹೆಂಗಸರೂ ಒಟ್ಟಿಗೆ "ಹಾಂ!" ಅಂದ್ರು, ನನ್ ಗಂಡ ಮೊಬೈಲಿಂದ ತಲೆ ಎತ್ತಿ ಏನಾಯ್ತು ಅಂದ್ರೆ ಯಾರೂ ಉತ್ರ ಕೊಡ್ಲಿಲ್ಲ. ಇನ್ನೊಂದು, ಮಗಳಿಗೆ ಅಪ್ಪ ಹೇಳೋ ಮಾತು, ಸರಿ ಹೋಗ್ಲಿಲ್ವಾ, ಪಾಕ್ಕು, ಅಪ್ಪ ಇಲ್ಲೇ ಇರ್ತೀನಿ ಅಂತ. ಆ ಪಾಕ್ಕು ಅನ್ನೋದು ಇಂಗ್ಲಿಷಿನ ಬ್ಯಾಕ್ ಅಂತೆ, ನಾವು ಡ್ರೈವರ್‌ಗೆ ಬ್ಯಾಕ್ ಬಾ ಅನ್ನಲ್ವಾ ಹಂಗೆ, ಸಬ್‌ಟೈಟಲ್‌ನಲ್ಲಿ ಏನೇನೋ ನಯವಾಗಿ ಹಾಕಿದ್ರು, ನಾನು "ಆಗ್ಲಿಲ್ಲ ಅಂದ್ರೆ ಬ್ಯಾಕ್ ಬಂದ್ಬಿಡು ಪುಟ್ಟಾ" ಅಂದೆ, ಸರಿಯಾಗಿ ಕೂತ್ಕೊಳ್ತು.

ಆದ್ರೆ ಟೈಫೂನಲ್ಲಿ ಕಿರಿ ಮಗ ಹೋಗ್ತಾನಲ್ಲ, ಅಲ್ಲಿ ಅಮ್ಮ ಎದ್ದು ಒಳಗೆ ಹೋದ್ಲು. ನಂಗಿಂತ ಮುಂಚೆ ಅವಳಿಗೊಂದು ಗಂಡು ಮಗು ಆಗಿ ಹನ್ನೊಂದು ತಿಂಗಳಿಗೆ ತೀರ್ಕೊಂಡಿತ್ತು, ಅದು ನಂಗೆ ಗೊತ್ತಿತ್ತು, ಗೊತ್ತಿದ್ದೂ ಆ ಎಪಿಸೋಡ್ ಹಾಕಿದ್ದೆ, ಅಳ್ಸೋ ಸೀನ್ ಅಂತ ಮಾತ್ರ ನೆನಪಿತ್ತು ನೋಡಿ. ಅವಳು ವಾಪಸ್ ಬಂದು ಕೂರೋಕೆ ಎರಡು ದಿನ ಆಯ್ತು. ಕಿತ್ತಳೆ ಬಗ್ಗೆ ಎಲ್ರೂ ಟಿಶ್ಯೂ ಡಬ್ಬಿ ಇಟ್ಕೊಂಡು ನೋಡಿ ಅಂತ ತಮಾಷೆಗೆ ಹೇಳ್ತಾರೆ, ನಾನೂ ಹೇಳ್ತಿದ್ದೆ, ಈಗ ಹೇಳಲ್ಲ. ಮೂರರಲ್ಲಿ ಬರವಣಿಗೆ, ಕ್ಯಾಮೆರಾ, ನಟನೆ ಎಲ್ಲಾದ್ರಲ್ಲೂ ಇದೇ ಮೇಲು, ಅದ್ರಲ್ಲಿ ವಾದಾನೇ ಇಲ್ಲ. ಆದ್ರೂ ಕಣ್ಣೀರಿನ ನಲ್ಲಿ ಅಲ್ಲಲ್ಲಿ ಬೇಕಂತ್ಲೇ ತಿರುಗಿಸ್ತಾರೆ, ಒಂದು ದುಃಖ ಆರೋಕೆ ಬಿಡದೆ ಇನ್ನೊಂದು. ಅಂದಹಾಗೆ ಇದರ ಕೊರಿಯನ್ ಹೆಸರಿಗೂ ಕಿತ್ತಳೆಗೂ ಸಂಬಂಧ ಇಲ್ಲ, ಜೆಜು ಆಡುಮಾತಲ್ಲಿ "ಬಹಳ ದಣಿದ್ರಿ, ದೊಡ್ಡ ಉಪಕಾರ ಆಯ್ತು" ಅಂತ ಅರ್ಥ. ಸಿಯೋಲ್ ಕಡೆಯವ್ರ ಕಿವಿಗೆ ಅದೇ ಮಾತು "ಪೂರ್ತಿ ಮೋಸ ಹೋದ್ರಿ" ಅಂದಂಗೆ ಕೇಳುತ್ತಂತೆ.

ಮೈ ಗೋಲ್ಡನ್ ಲೈಫ್ ಹಾಕಿದ್ದು ಹೊಟ್ಟೆ ಹಗುರ ಆಗ್ಲಿ ಅಂತ. ಕೆಬಿಎಸ್ ಅನ್ನೋ ಚಾನೆಲ್‌ನ ಶನಿವಾರ-ಭಾನುವಾರದ ಸೀರಿಯಲ್, ಅಲ್ಲಿ ಇಡೀ ಮನೆ ಕೂತು ನೋಡೋ ಜಾತಿ, ರೇಟಿಂಗ್ ಒಂದ್ಸಲ 45.1% ಮುಟ್ಟಿತ್ತು. 1988ರ ಕೊನೇ ಎಪಿಸೋಡ್‌ದು 18.8%, ಅದು ಕೇಬಲ್ ಚಾನೆಲ್ಲು, ಆಗಿನ ಕಾಲಕ್ಕೆ ಕೇಬಲ್‌ನಲ್ಲಿ ಅದೇ ದಾಖಲೆ, ಹಂಗಾಗಿ ನೇರ ತೂಗೋಕಾಗಲ್ಲ. ಕಥೆ ಏನಂದ್ರೆ ದೊಡ್ಡ ಕಂಪನಿ ಮಾಲೀಕರ ಮಗಳು ಚಿಕ್ಕಂದಿನಲ್ಲಿ ಕಳೆದುಹೋಗಿ ಬಡವರ ಮನೇಲಿ ಅವರ ಮಗಳ ಜೊತೆ ಅವಳಿ ಅಂತ ಬೆಳೆದಿರ್ತಾಳೆ, ಅವ್ರು ಹುಡುಕ್ಕೊಂಡು ಬಂದಾಗ ಸಾಕಿದಮ್ಮ ನಿಜವಾದವಳನ್ನ ಬಿಟ್ಟು ತನ್ನ ಹೆತ್ತ ಮಗಳು ಜಿಯಾನ್‌ನ "ಇವ್ಳೇ ನಿಮ್ಮವಳು" ಅಂತ ಕಳಿಸ್ತಾಳೆ. ಅತ್ತೆ ಎದ್ದು ಕೂತ್ರು! ಇದು ಅವರ ಸಿಲಬಸ್. ನಾನು ಅನುವಾದ ಮಾಡೋಕೆ ಮುಂಚೆ ಅವರೇ ಮುಂದಿನ ಸೀನ್ ಹೇಳೋರು, ಹತ್ತಕ್ಕೆ ಏಳು ಸಲ ಸರಿ.

ಒಂದ್ಸಲ ನಾನು ಜಿಯಾನ್ ಮಾತನ್ನ "ನೀನ್ಯಾಕೆ ಹೀಗ್ ಮಾಡ್ದೆ" ಅಂತ ಹೇಳಿದ್ದಕ್ಕೆ ಅತ್ತೆ "ಇಲ್ಲ ಕಣಮ್ಮಾ, ಅವಳು ಕೊನೇಲಿ ಯೋ ಅಂದ್ಲು, ಮರ್ಯಾದೆ ಕೊಟ್ಟೇ ಮಾತಾಡ್ತಿದಾಳೆ" ಅಂದ್ರು. ನೋಡಿದ್ರೆ ಹೌದು, ಕೊರಿಯನ್‌ನಲ್ಲಿ ಮಾತಿನ ಕೊನೆಗೆ ಯೋ ಬಂದ್ರೆ ನಮ್ಮ ನೀವು-ತಾವು ಥರ. ಇಂಗ್ಲಿಷ್‌ಗೆ ಬಂದಾಗ ಎಲ್ಲಾ ಒಂದೇ "ಯೂ" ಆಗಿ ಯಾರು ಯಾರಿಗೆ ಬಗ್ತಿದಾರೆ ಅನ್ನೋದೇ ಗೊತ್ತಾಗಲ್ಲ. ಅಪ್ಪ ಅನ್ನೋದಂತೂ ಅವ್ರಲ್ಲೂ ಅಪ್ಪಾನೇ, ಅಮ್ಮ ಅನ್ನೋದು ಹೆಚ್ಚೂಕಮ್ಮಿ ಅಮ್ಮಾನೇ, ಆ ಎರಡು ಪದ ಹಿಡ್ಕೊಂಡೇ ಅತ್ತೆ ಅರ್ಧ ಕಥೆ ದಾಟಿಸ್ತಿದ್ರು.

ಕೊರಿಯಾದಲ್ಲಿ ನೋಡೋರು ಗಂಟಲಲ್ಲಿ ಸಿಕ್ಕಾಕ್ಕೊಳ್ಳೋ ಕಥೆಗೆ ಗೊಗುಮಾ ಅಂತಾರಂತೆ, ಅಂದ್ರೆ ಗೆಣಸು, ನೀರಿಲ್ದೆ ಗೆಣಸು ನುಂಗಿದಂಗೆ. ಯಾರಾದ್ರೂ ಕೊನೆಗೂ ಬಾಯ್ಬಿಟ್ಟು ಕಪಾಳಕ್ಕೆ ಹೊಡ್ದಂಗೆ ಮಾತಾಡಿದ್ರೆ ಅದು ಸೈಡಾ, ನಮ್ ಗೋಲಿ ಸೋಡಾ ಅನ್ಕೊಳ್ಳಿ. ಈ ಲೆಕ್ಕದಲ್ಲಿ ಗೋಲ್ಡನ್ ಲೈಫ್ ಒಂದು ಚೀಲ ಗೆಣಸು, ಮೂರು ಬಾಟ್ಲು ಸೋಡಾ. ಅಮ್ಮ ಹೆಣ್ಣು ಬದಲಾಯಿಸಿದ ಆ ತಾಯಿಗೆ ಬೈದಿದ್ದು ಬೈದಿದ್ದೇ, ಅತ್ತೆ ಮಾತ್ರ "ಸಾಲಗಾರರು ಬಾಗಿಲಿಗೆ ಬಂದ್ರೆ ಗೊತ್ತಾಗುತ್ತೆ" ಅಂತ ಅವಳ ಪರ. ಇಬ್ಬರಿಗೂ ಎರಡು ದಿನ ಮಾತು ಕಮ್ಮಿ ಆಗಿತ್ತು ಅಂದ್ರೆ ನಂಬ್ತೀರಾ. ಮಧ್ಯದಲ್ಲಿ ಅಪ್ಪ ಸೊ ಟೇಸು ರಕ್ತ ಕಾರಿ, ನಂಗೆ ಕ್ಯಾನ್ಸರ್ರು, ಇನ್ನೇನು ಹೋಗ್ತೀನಿ ಅಂತ ಒಂಥರಾ ನಿರಾಳ ಆಗಿರ್ತಾನೆ, ಆಸ್ಪತ್ರೇಲಿ ನೋಡಿದ್ರೆ ಏನೂ ಇಲ್ಲ, ಎಲ್ಲಾ ಮನಸ್ಸಿಂದ ಹುಟ್ಟಿದ್ದು ಅಂತಾರೆ. ಕಲ್ಪನೆ ಕ್ಯಾನ್ಸರ್ ಅಂತ ಅಲ್ಲಿ ಪ್ರೇಕ್ಷಕರು ಉಗ್ದು ಉಪ್ಪಿನಕಾಯಿ ಹಾಕಿದ್ರು. ನಂಗೂ ನಗು ಬಂತು. ಅತ್ತೆ ನಗ್ಲಿಲ್ಲ. ಆ ಪಾತ್ರ ಮಾಡಿರೋ ಚುನ್ ಹೋ-ಜಿನ್ ಅದ್ಭುತ ನಟ, 2017ರ ಕೆಬಿಎಸ್ ಡ್ರಾಮಾ ಅವಾರ್ಡ್ಸಲ್ಲಿ ಅವರಿಗೂ ಇನ್ನೊಬ್ರಿಗೂ ಸೇರಿ ದೊಡ್ಡ ಬಹುಮಾನ ಬಂದಿತ್ತು, ಅವರು ಸುಮ್ನೆ ಬೆಂಚ್ ಮೇಲೆ ಕೂತ್ರೂ ಸೋತ ಗಂಡಸಿನ ಭಾರ ಕಾಣುತ್ತೆ.

ಈಗ ಯಾವುದು ನೋಡ್ಬೇಕು ಅಂತ ಕೇಳೋರಿಗೆ: ಮನೇಲಿ ದೊಡ್ಡವ್ರ ಜೊತೆ ಕೂತ್ಕೊಂಡು ಅಂದ್ರೆ ಕಣ್ಮುಚ್ಕೊಂಡು 1988, ನಿಧಾನ ಅನ್ಸಿದ್ರೂ ಮೂರು ಎಪಿಸೋಡ್ ತನಕ ಬಿಡ್ಬೇಡಿ. ಕಿತ್ತಳೆ ಒಬ್ರೇ ನೋಡಿ, ಆಮೇಲೆ ಅಮ್ಮಂಗೆ ತೋರಿಸ್ಬೇಕಾ ಬೇಡ್ವಾ ಅಂತ ನಿಮ್ಮಮ್ಮನ ಬಗ್ಗೆ ನಿಮಗೆ ಗೊತ್ತಿರೋದನ್ನ ನೆನಪು ಮಾಡ್ಕೊಂಡು ನಿರ್ಧಾರ ಮಾಡಿ. ಗೋಲ್ಡನ್ ಲೈಫ್ ಅರ್ಧದಷ್ಟು ಕತ್ತರಿಸಬಹುದಿತ್ತು, ಹೊರ್ಗಡೆ ಯಾರಾದ್ರೂ ಕೇಳಿದ್ರೆ ನಾನು ಅದನ್ನ ಮೂರನೇ ಜಾಗಕ್ಕೇ ಹಾಕೋದು, ಆದ್ರೆ ರಾತ್ರಿ ಹನ್ನೊಂದಕ್ಕೆ "ಇನ್ನೊಂದೇ ಒಂದು ಹಾಕಮ್ಮಾ" ಅನ್ನಿಸ್ಕೊಂಡಿದ್ದು ಅದೊಂದೇ.

ಅದು ಮುಗ್ಯೋಕೆ ಮುಂಚೆ ಅಮ್ಮ ಊರಿಗೆ ಹೋದ್ಲು, ತಮ್ಮ ಅವಳ ಮೊಬೈಲ್‌ಗೆ ಹಾಕ್ಕೊಟ್ಟಿದಾನೆ, ದಿನಾ ಒಂದು ನೋಡ್ತಾಳೆ. ನಂಗೆ ಆಫೀಸು ಶುರುವಾಯ್ತು, ಅತ್ತೆಗೆ ಅನುವಾದ ಮಾಡೋಕೆ ಟೈಮಿಲ್ಲ. ಮೊನ್ನೆ ಮಧ್ಯಾಹ್ನ ಮೀಟಿಂಗ್ ನಡುವೆ ಅತ್ತೆ ಫೋನು. ಯಾವತ್ತೂ ಆ ಹೊತ್ತಲ್ಲಿ ಮಾಡಲ್ಲ, ಗಾಬರಿ ಆಗಿ ಹೊರಗೆ ಬಂದು ಎತ್ತಿದ್ರೆ ಮೂಗು ಏರಿಸ್ತಾ "ಆಯಪ್ಪಂಗೆ ನಿಜವಾಗ್ಲೂ ಕ್ಯಾನ್ಸರ್ ಇದೆ ಕಣಮ್ಮಾ, ನೀನು ನಕ್ಕಿದ್ಯಲ್ಲ" ಅಂದ್ರು. ಒಬ್ರೇ ಕೂತು ಸಬ್‌ಟೈಟಲ್ಲೂ ಓದಕ್ಕಾಗ್ದೆ ಅಲ್ಲಿ ತನಕ ನೋಡಿದಾರೆ. ನಾನು ಏನ್ ಹೇಳ್ಲಿ ಅಂತ ಯೋಚಿಸ್ತಿದ್ರೆ ಅವರೇ "ನಿಮ್ಮಮ್ಮಂಗೆ ಹೇಳ್ಬೇಡ, ಅವ್ರಿನ್ನೂ ಹಿಂದಿದಾರೆ" ಅಂತ ಇಟ್ಬಿಟ್ರು.