ಬೀದಿ ಸಂಗೀತಗಾರರ ಜೊತೆ ನುಡಿಸಲು ಮೌತ್ ಆರ್ಗನ್ನೋ, ಉಕುಲೇಲೆಯೋ?

ಪ್ರವಾಸದಲ್ಲಿ ಬೀದಿ ಸಂಗೀತಗಾರರ ಜೊತೆ ನುಡಿಸುವ ಆಸೆ. ಬ್ಯಾಗಿನಲ್ಲಿ ಒಂದೇ ವಾದ್ಯಕ್ಕೆ ಜಾಗ. ಯಾವುದು ಒಯ್ಯುವುದು, ಮೌತ್ ಆರ್ಗನ್ನೋ, ಪುಟ್ಟ ಗಿಟಾರಿನಂಥ ಉಕುಲೇಲೆಯೋ?

ಮೌತ್ ಆರ್ಗನ್ ಜೇಬಿಗೆ ಹೋಗುತ್ತದೆ, ದನಿಯೂ ಚುರುಕು. ತೊಡಕೆಂದರೆ, 10 ರಂಧ್ರದ ಸಾಮಾನ್ಯ ಮಾದರಿ ಒಂದೇ ಶ್ರುತಿಯದು. ಅವರು ಬೇರೆ ಶ್ರುತಿ ಹಿಡಿದರೆ ನೀವು ಸುಮ್ನೆ ನಿಲ್ಲಬೇಕು. ಇದಕ್ಕೊಂದು ಉಪಾಯವಿದೆ. ಸಿ ಶ್ರುತಿಯದರಲ್ಲಿ ಊದುವುದಕ್ಕಿಂತ ಉಸಿರೆಳೆಯುವುದನ್ನು ಜಾಸ್ತಿ ಮಾಡಿದರೆ ಜಿ ಶ್ರುತಿಯ ಬ್ಲೂಸ್ ಶೈಲಿಯ ಹಾಡುಗಳಿಗೆ ಚೆನ್ನಾಗಿ ಹೊಂದುತ್ತದೆ. ಹಾಗೆಯೇ ಎ ಶ್ರುತಿಯದು ಇ ಶ್ರುತಿಗೆ. ಗಿಟಾರ್‌ನವರಿಗೆ ಈ ನಾಲ್ಕೂ ಶ್ರುತಿ ಕೈಗೆ ಸುಲಭ. ಹಾಗಾಗಿ ಎರಡು ಮೌತ್ ಆರ್ಗನ್ ಇದ್ದರೆ ಬಹಳಷ್ಟು ಹಾಡುಗಳಿಗೆ ಸಾಕು.

ಉಕುಲೇಲೆಗೆ ಈ ಕಾಟವಿಲ್ಲ. ನಾಲ್ಕೇ ತಂತಿ, ಯಾವ ಶ್ರುತಿಯ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಆದರೂ ಸಿಗುತ್ತದೆ. ನುಡಿಸುತ್ತಲೇ ಹಾಡಲೂಬಹುದು. ಬಾಯಲ್ಲಿ ಮೌತ್ ಆರ್ಗನ್ ಇದ್ದಾಗ ಅದು ಆಗದು, ಅಲ್ವಾ? ಆದರೆ ದನಿ ಮೆಲು. ಪಕ್ಕದಲ್ಲಿ ಡ್ರಮ್, ಟ್ರಂಪೆಟ್ ಇದ್ದರೆ ನಿಮ್ಮ ವಾದ್ಯ ನಿಮಗೇ ಕೇಳಿಸದು.

ನನ್ನ ಓಟು ಮೌತ್ ಆರ್ಗನ್‌ಗೆ, ಅದೂ ನುಡಿಸಲು ಬರುವವರಿಗೆ ಮಾತ್ರ. ಹೊಸಬರಿಗೆ ಉಕುಲೇಲೆಯೇ ಸರಿ: ತಪ್ಪು ಕಾರ್ಡ್ ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ತಪ್ಪು ಊದಿದ್ದು ಬೀದಿಗೆಲ್ಲ ಕೇಳಿಸುತ್ತದೆ. ಯಾವುದೇ ಇರಲಿ, ಹಾಡು ಮುಗಿಯುವವರೆಗೆ ಕಾದು, ಅವರ ಪೆಟ್ಟಿಗೆಗೆ ಕಾಸು ಹಾಕಿ, ಆಮೇಲೆ ಜೊತೆಗೆ ನುಡಿಸಬಹುದಾ ಎಂದು ಕೇಳಿ.