ಅಮ್ಮನಿಗೆ ಎಕ್ಸ್‌ಟೆನ್ಶನ್, ನನಗೆ ಬಾರ್ಡರ್ ರನ್

ತೀರ್ಥಹಳ್ಳಿ ಕಡೆ ಈಗ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ಹೊರಟ ಅಮ್ಮಂದಿರಿಗೆ ಎರಡು ತಿಂಗಳು ಸಾಲುವುದಿಲ್ಲ. ಆಮೇಲೇನು ಅಂತ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಯಾಕೆಂದರೆ ಥಾಯ್ಲೆಂಡಿನಲ್ಲಿ ಒಂದೇ ವಾರದಲ್ಲಿ ನಮ್ಮ ಮನೆಯವರೇ ಎರಡೂ ದಾರಿ ನೋಡಿದ್ದೇವೆ. ಅಮ್ಮ ಅಲ್ಲೇ ಕೂತು ದಿನ ಹೆಚ್ಚಿಸಿಕೊಂಡರು. ಅದು ಎಕ್ಸ್‌ಟೆನ್ಶನ್. ನಾನು ಗಡಿ ದಾಟಿ ಲಾವೋಸ್‌ಗೆ ಹೋಗಿ, ವಾಪಸು ಒಳಬಂದು ಹೊಸದಾಗಿ ದಿನ ಪಡೆದೆ. ಅದು ಬಾರ್ಡರ್ ರನ್.

ತಂಗಿ ಇರುವುದು ಚಿಯಾಂಗ್ ಮಾಯ್‌ನಲ್ಲಿ. ಅವಳ ಗಂಡನಿಗೆ ಅಲ್ಲಿ ಕೆಲಸ. 2024ರ ನವೆಂಬರ್ ಕೊನೆಗೆ ಹೆರಿಗೆ ಅಂತ ಡಾಕ್ಟರ್ ಹೇಳಿದ್ದರು. ಊರಿನಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಅಪ್ಪ ಅದನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಮ್ಮನಿಗೆ 67 ವರ್ಷ, ಮಂಡಿನೋವು ಬೇರೆ. ಅವರೊಬ್ಬರನ್ನೇ ಕಳಿಸುವ ಮನಸ್ಸಾಗಲಿಲ್ಲ. ಶಿವಮೊಗ್ಗದ ನನ್ನ ಹೊಲಿಗೆ ಅಂಗಡಿಗೆ ಬಾಗಿಲು ಹಾಕಿ ನಾನೂ ಹೊರಟೆ. ಬಾಣಂತಿ ಲೇಹ್ಯ, ಮೆಂತೆ, ಹಳೇ ಹತ್ತಿ ಸೀರೆಗಳು ಎಲ್ಲ ಸೇರಿ ನಮ್ಮ ಲಗೇಜಿನ ಅರ್ಧ ಅವೇ ಆಗಿದ್ದವು.

ನಮ್ಮ ಭಾರತದವರಿಗೆ ಥಾಯ್ಲೆಂಡ್ 2023ರ ನವೆಂಬರ್‌ನಿಂದ ವೀಸಾ ಇಲ್ಲದೆ ಒಳಗೆ ಬಿಡಲು ಶುರು ಮಾಡಿತ್ತು. ಮೊದಲು 30 ದಿನ ಇತ್ತು, 2024ರ ಜುಲೈ 15ರಿಂದ ಅದು 60 ದಿನ ಆಯಿತು. ನಾವು ಇಳಿದದ್ದು ನವೆಂಬರ್ 10ಕ್ಕೆ. ಪಾಸ್‌ಪೋರ್ಟಿನಲ್ಲಿ ಬಿದ್ದ ಮುದ್ರೆ ಜನವರಿ 8ರ ತನಕ ಇರಬಹುದು ಅಂತ. ಎರಡು ತಿಂಗಳು ಅಂದರೆ ಜನವರಿ 10 ಅಂತ ಅಮ್ಮ ಬೆರಳು ಮಡಚಿ ಎಣಿಸಿದ್ದರು. ಇಲ್ಲೇ ಎಷ್ಟೋ ಜನ ತಪ್ಪುತ್ತಾರೆ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ತಿಂಗಳ ಲೆಕ್ಕ ಅಲ್ಲ, ದಿನದ ಲೆಕ್ಕ. ದಾಟಿ ನಿಂತರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ದಂಡ ಕಟ್ಟಿದರೂ ದಿನ ಮೀರಿ ಉಳಿದದ್ದು ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಮೊಮ್ಮಗುವನ್ನು ನೋಡಲು ಮತ್ತೆ ಹೋಗಬೇಕಾದವರಿಗೆ ಅದು ಬೇಡ.

ಅಮ್ಮ ಫೆಬ್ರವರಿ ಮೊದಲ ವಾರ ಊರಿಗೆ ಮರಳಬೇಕಿತ್ತು. ನಮ್ಮ ಸೋದರಮಾವನ ಮನೆಯಲ್ಲಿ ಉಪನಯನ ಇತ್ತು. ನಾನು ಮಾರ್ಚ್ ಶುರುವಿನ ತನಕ ಇರುವುದು ಅಂತ ಆಯಿತು. ಅಂದರೆ ಅಮ್ಮನಿಗೆ ಬೇಕಿದ್ದದ್ದು ಒಂದು ತಿಂಗಳು, ನನಗೆ ಎರಡು. ನಮ್ಮ ದಾರಿ ಬೇರೆಯಾದದ್ದು ಇಲ್ಲಿಯೇ.

ಎಕ್ಸ್‌ಟೆನ್ಶನ್ ಅಂದರೆ ಹೀಗೆ. ಇಮಿಗ್ರೇಷನ್ ಆಫೀಸಿಗೆ ಹೋಗಿ ಟಿಎಂ 7 ಅನ್ನುವ ಫಾರಂ ತುಂಬಬೇಕು. 4x6 ಸೆಂಟಿಮೀಟರಿನ ಒಂದು ಫೋಟೊ, ಪಾಸ್‌ಪೋರ್ಟಿನ ಜೆರಾಕ್ಸ್, ಮುದ್ರೆ ಇರುವ ಪುಟದ ಜೆರಾಕ್ಸ್, 1,900 ಬಾತ್. ಆಗ ಬಾತ್‌ಗೆ ಎರಡೂವರೆ ರೂಪಾಯಿ ಹತ್ತಿರ ಇತ್ತು. ಅಂದರೆ ನಮ್ಮ 4,750 ರೂಪಾಯಿ. ಒಪ್ಪಿದರೆ 30 ದಿನ ಸಿಗುತ್ತದೆ. ಕಷ್ಟ ಇರುವುದು ಇದ್ಯಾವುದರಲ್ಲೂ ಅಲ್ಲ, ಟಿಎಂ 30ರಲ್ಲಿ. ಹೊರದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಮನೆ ಮಾಲೀಕರು ಈ ಫಾರಂನಲ್ಲಿ ಇಮಿಗ್ರೇಷನ್‌ಗೆ ತಿಳಿಸಬೇಕು. ಹೋಟೆಲಿನವರು ತಾವೇ ತಿಳಿಸುತ್ತಾರೆ. ಬಾಡಿಗೆ ಮನೆಯಲ್ಲಿ ಇದ್ದರೆ ನಾವೇ ಬೆನ್ನು ಹತ್ತಬೇಕು. ತಂಗಿ ಮನೆ ಮಾಲೀಕರು "ಮಾಡಿದ್ದೇನೆ" ಅಂದಿದ್ದರು. ಡಿಸೆಂಬರ್ 27ಕ್ಕೆ ಅಮ್ಮನನ್ನು ಕರೆದುಕೊಂಡು ಹೋದರೆ ಕಂಪ್ಯೂಟರಿನಲ್ಲಿ ಏನೂ ಇಲ್ಲ! ವಾಪಸು ಬಂದೆವು. ಮಾಲೀಕರು ದಂಡ ಕಟ್ಟಿ ಸರಿ ಮಾಡಿಕೊಡುವ ಹೊತ್ತಿಗೆ ಹೊಸ ವರ್ಷದ ರಜೆ ಅಡ್ಡ ಬಂತು. ಆ ನಾಲ್ಕೈದು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. "ನನ್ನಿಂದ ಇವರಿಗೆಲ್ಲ ತೊಂದರೆ ಆಯ್ತಲ್ಲೇ" ಅನ್ನುತ್ತಿದ್ದರು. ಅವರ ಆ ಮುಖ ನೆನೆದರೆ ಈಗಲೂ ಸಂಕಟ ಆಗುತ್ತದೆ. ಹಾಗಾಗಿ ಹೇಳುತ್ತೇನೆ, ಹೋಗಿ ಇಳಿದ ಮರುದಿನವೇ ಟಿಎಂ 30ರ ರಸೀದಿ ಕೈಗೆ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ.

ಜನವರಿ 3ಕ್ಕೆ ಮತ್ತೆ ಹೋದೆವು. ಟೋಕನ್ ತೆಗೆದುಕೊಂಡು ಕೂತೆವು. ಎರಡೂವರೆ ಗಂಟೆಯಲ್ಲಿ ಕೆಲಸ ಆಯಿತು. ಕುರ್ಚಿ ಇತ್ತು, ಶೌಚಾಲಯ ಇತ್ತು, ಮನೆಗೆ ಅರ್ಧ ಗಂಟೆ ದಾರಿ. ಅಮ್ಮನಿಗೆ ಬೇಕಿದ್ದದ್ದು ಅಷ್ಟೇ ಅಲ್ವಾ? ಫೆಬ್ರವರಿ 7ರ ಮುದ್ರೆ ಬಿತ್ತು. ಇನ್ನೊಂದು ಮಾತು. 30 ದಿನವನ್ನು ಅರ್ಜಿ ಕೊಟ್ಟ ದಿನದಿಂದ ಎಣಿಸುವುದಿಲ್ಲ, ಹಳೆಯ ಅವಧಿ ಮುಗಿಯುವ ದಿನದಿಂದ ಎಣಿಸುತ್ತಾರೆ. ಐದು ದಿನ ಮೊದಲೇ ಹೋದರೂ ಒಂದು ದಿನವೂ ನಷ್ಟ ಆಗಲಿಲ್ಲ.

ಬಾರ್ಡರ್ ರನ್‌ನಲ್ಲಿ ಹಾಗಿಲ್ಲ. ಹೊರಗೆ ಕಾಲಿಟ್ಟ ಕ್ಷಣಕ್ಕೆ ಉಳಿದ ದಿನಗಳೆಲ್ಲ ಹೋದವು.

ನಾನು ಜನವರಿ 5ರ ಬೆಳಿಗ್ಗೆ ಚಿಯಾಂಗ್ ಕಾಂಗ್‌ಗೆ ಬಸ್ಸು ಹತ್ತಿದೆ. ಅದು ಮೆಕಾಂಗ್ ನದಿಯ ದಂಡೆಯ ಊರು. ನದಿಯ ಆಚೆ ದಂಡೆ ಲಾವೋಸಿನ ಹುವಾಯ್ ಸಾಯ್. ಆರು ಗಂಟೆಗಿಂತ ಜಾಸ್ತಿ ದಾರಿ. ಗುಡ್ಡ, ತಿರುವು, ಮತ್ತೆ ಗುಡ್ಡ. ಆಗುಂಬೆ ಘಾಟಿ ಕಂಡ ನನಗೇ ಹೊಟ್ಟೆ ತೊಳೆಸಿತು. ಅಮ್ಮ ಜೊತೆಗಿದ್ದಿದ್ದರೆ ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಅಲ್ಲಿಂದ ಸೇತುವೆಯ ಹತ್ತಿರಕ್ಕೆ ಟುಕ್‌ಟುಕ್. ಥಾಯ್ ಕಡೆ ಹೊರಹೋಗುವ ಮುದ್ರೆ. ಆಮೇಲೆ ಸೇತುವೆ ದಾಟಿಸುವ ಬಸ್ಸು. 2013ರ ಕೊನೆಗೆ ಈ ಸೇತುವೆ ಆಗುವ ಮುಂಚೆ ಎಲ್ಲರೂ ದೋಣಿಯಲ್ಲೇ ದಾಟುತ್ತಿದ್ದರಂತೆ. ನನಗೆ ಸಿಗಂದೂರು ಲಾಂಚ್ ನೆನಪಾಯಿತು. ಆಗಿನ್ನೂ ನಮ್ಮ ಶರಾವತಿ ಹಿನ್ನೀರಿನ ಸೇತುವೆ ಓಡಾಟಕ್ಕೆ ತೆರೆದಿರಲಿಲ್ಲ.

ಲಾವೋಸ್ ಕಡೆ ನಮಗೆ ಅಲ್ಲೇ ವೀಸಾ ಕೊಡುತ್ತಾರೆ. ನಾನು ಕೊಟ್ಟದ್ದು 40 ಡಾಲರ್, ಒಂದು ಫೋಟೊ. ಡಾಲರನ್ನು ನಗದಾಗಿ ಒಯ್ಯಿರಿ, ನೋಟು ಹರಿದಿರಬಾರದು. ಪಾಸ್‌ಪೋರ್ಟಿನ ಒಂದು ಇಡೀ ಪುಟ ಆ ಸ್ಟಿಕರ್‌ಗೆ ಹೋಗುತ್ತದೆ. ಪುಟ ಕಡಿಮೆ ಇರುವವರು ನೋಡಿಕೊಳ್ಳಬೇಕು. ರಾತ್ರಿ ಹುವಾಯ್ ಸಾಯ್‌ನಲ್ಲಿ ಉಳಿದೆ. ಅಮ್ಮ ಕಟ್ಟಿಕೊಟ್ಟ ಚಪಾತಿಯ ಜೊತೆ ಅಲ್ಲಿಯವರು ಕೈಯಲ್ಲಿ ಉಂಡೆ ಮಾಡಿ ತಿನ್ನುವ ಅಂಟು ಅನ್ನ ತಿಂದೆ. ಕಿಟಕಿಯಿಂದ ಮೆಕಾಂಗ್ ಕಾಣುತ್ತಿತ್ತು. ಚೆನ್ನಾಗಿತ್ತು. ಆದರೆ ನಿದ್ದೆ ಬರಲಿಲ್ಲ. ನಾಳೆ ಒಳಗೆ ಬಿಡದಿದ್ದರೆ?

ಎರಡು ದಾರಿಯ ನಿಜವಾದ ವ್ಯತ್ಯಾಸ ಇದೇ. ಎಕ್ಸ್‌ಟೆನ್ಶನ್ ಕೊಡುವುದಿಲ್ಲ ಅಂದಿದ್ದರೂ ಅಮ್ಮ ಆ ಹೊತ್ತಿಗೆ ದೇಶದ ಒಳಗೇ ಇರುತ್ತಿದ್ದರು. ಅರ್ಜಿ ಒಪ್ಪದಿದ್ದರೆ ಸಾಮಾನ್ಯವಾಗಿ ಹೊರಡಲು 7 ದಿನ ಕೊಡುತ್ತಾರೆ. ಗಂಟು ಕಟ್ಟಿ, ಮಗುವಿಗೆ ಮುತ್ತು ಕೊಟ್ಟು ಹೊರಡಬಹುದು. ಬಾರ್ಡರ್ ರನ್‌ನಲ್ಲಿ ಬೇಡ ಅಂದರೆ ನಾವು ಸೇತುವೆಯ ಆ ಕಡೆ, ಬಟ್ಟೆಬರೆ ಈ ಕಡೆ.

ಮರುದಿನ ಬೆಳಿಗ್ಗೆ ಕೌಂಟರಿನಲ್ಲಿದ್ದ ಹೆಂಗಸು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಯಾಕೆ ಮತ್ತೆ ಬರುತ್ತಿದ್ದೀರಿ ಅಂತ ಕೇಳಿದರು. ತಂಗಿಗೆ ಮಗು ಆಗಿದೆ ಅಂತ ಫೋಟೊ ತೋರಿಸಿದೆ. ಮಾರ್ಚ್‌ನ ವಿಮಾನದ ಟಿಕೆಟ್ ತೋರಿಸಿದೆ. ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕಾದೀತು ಅಂತ 20,000 ಬಾತ್ ನಗದು ಇಟ್ಟುಕೊಂಡಿದ್ದೆ, ಅದನ್ನು ಕೇಳಲಿಲ್ಲ. ಮುದ್ರೆ ಬಿತ್ತು, ಮಾರ್ಚ್ 6ರ ತನಕ. ಕೈ ಮುಗಿದೆ, ಅವರೂ ಮುಗಿದರು. ಸಂಜೆ ಮನೆ ಮುಟ್ಟಿ ಮಗುವನ್ನು ಎತ್ತಿಕೊಂಡ ಮೇಲೆಯೇ ಎದೆ ಹಗುರಾಯಿತು.

ಇನ್ನು ಖರ್ಚು. ಬಸ್ಸು, ಟುಕ್‌ಟುಕ್, ಲಾವೋಸ್ ವೀಸಾ, ರೂಮು, ಊಟ ಎಲ್ಲ ಸೇರಿ ನನಗೆ ಹತ್ತಿರ ಹತ್ತಿರ 3,500 ಬಾತ್ ಆಯಿತು. ಹೊಸದಾಗಿ ಸಿಕ್ಕದ್ದು 60 ದಿನ ಅಂದರೂ ಬಿಟ್ಟುಹೋದ ದಿನ ಕಳೆದರೆ ನಿಜವಾಗಿ ಹೆಚ್ಚಿದ್ದು 57. ದಿನಕ್ಕೆ 61 ಬಾತ್. ಅಮ್ಮನ ಲೆಕ್ಕ ದಿನಕ್ಕೆ 63. ಹಾಗಾಗಿ ದುಡ್ಡು ನೋಡಿ ಆರಿಸುವುದರಲ್ಲಿ ಅರ್ಥ ಇಲ್ಲ. ಬಾರ್ಡರ್ ರನ್ ಅಗ್ಗ ಅನ್ನುವವರು ರೂಮು, ಊಟ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಒಂದು ತಿಂಗಳು ಸಾಕು ಅಂದರೆ ಎಕ್ಸ್‌ಟೆನ್ಶನ್ನೇ ಸರಿ. ವಯಸ್ಸಾದವರಿಗೆ, ಮಂಡಿನೋವು, ಬಿಪಿ ಇರುವವರಿಗೆ ಬೇರೆ ಮಾತೇ ಇಲ್ಲ. ಒಂದು ತಿಂಗಳಿಗೂ ಜಾಸ್ತಿ ಬೇಕು, ಮೈಯಲ್ಲಿ ಶಕ್ತಿ ಇದೆ, ಹೇಳಲು ಸರಿಯಾದ ಕಾರಣ ಇದೆ ಅಂದರೆ ಒಂದು ಸಲ ಗಡಿಗೆ ಹೋಗಬಹುದು. ಒಂದೇ ಸಲ. ರಸ್ತೆ ಗಡಿಯಿಂದ ವೀಸಾ ಇಲ್ಲದೆ ವರ್ಷಕ್ಕೆ ಎರಡು ಸಲ ಮಾತ್ರ ಅನ್ನುವ ಮಿತಿ ಮೊದಲೇ ಇತ್ತು. 2025ರ ನವೆಂಬರ್‌ನಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಸುಮ್ನೆ ಹೋಗಿ ಬಂದು ಮಾಡುವವರನ್ನು ಈಗ ಗಡಿಯಲ್ಲೇ ತಿರುಗಿಸುತ್ತಾರೆ. 2025ರ ಮೇ 1ರಿಂದ ಪ್ರತಿ ಸಲ ಒಳಬರುವ ಮುಂಚೆ ಆನ್‌ಲೈನ್‌ನಲ್ಲಿ ಟಿಡಿಎಸಿ ಅನ್ನುವ ಫಾರಂ ಬೇರೆ ತುಂಬಬೇಕು. ನಾನು ಹೋದಾಗ ಅದು ಇರಲಿಲ್ಲ. ದಿನಗಳ ಲೆಕ್ಕವೂ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ಥಾಯ್ ರಾಯಭಾರ ಕಚೇರಿಯ ಪುಟ ನೋಡಿ.

ಅಮ್ಮನ ಹಾಗೆ ದಿನ ಹೆಚ್ಚಿಸಿಕೊಂಡ ಮೇಲೆ ಪಕ್ಕದ ದೇಶಕ್ಕೆ ಒಂದು ಸುತ್ತು ಹೋಗಿ ಬರೋಣ ಅನ್ನಿಸಿದರೆ ಮೊದಲು 1,000 ಬಾತ್ ಕಟ್ಟಿ ರೀ-ಎಂಟ್ರಿ ಪರ್ಮಿಟ್ ಮಾಡಿಸಿ. ಇಲ್ಲದಿದ್ದರೆ ಹೊರಗೆ ಹೋದ ಕೂಡಲೇ ಆ 30 ದಿನವೂ ಹೋಗುತ್ತದೆ. ತಂಗಿ ಗಂಡ ಅಮ್ಮನಿಗೆ ಮೆಕಾಂಗ್ ನದಿ ತೋರಿಸಿ ತರುತ್ತೇನೆ ಅಂದಾಗ ನಾನು ಚಿಯಾಂಗ್ ಕಾಂಗ್ ದಂಡೆಯ ತನಕ ಸಾಕು ಅಂದೆ. ಅಮ್ಮ ಆ ಬಸ್ಸಿನ ದಾರಿಯ ಕತೆ ಕೇಳಿ ಅದೂ ಬೇಡ ಅಂದರು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು ತಪ್ಪುತ್ತದಂತೆ.