ಎರಡು ವರ್ಷದ ಎಂಪಿಎ ಕೋರ್ಸ್: ಕೌಂಟರಿನ ಆ ಹತ್ತು ವಾರಕ್ಕೆ ಪೂರ್ತಿ ಅಂಕ

ಎಂಪಿಎ, ಅಂದರೆ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಕೋರ್ಸ್, ಸೇರಬೇಕಾ ಬೇಡ್ವಾ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ನಾನು ಎರಡು ವರ್ಷ ಓದಿ ಮುಗಿಸಿ, ಈಗ 14 ತಿಂಗಳಿಂದ ಒಂದು ನಗರಾಡಳಿತದ ನೀರು ಸರಬರಾಜು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೋರ್ಸ್ ಮುಗಿದ ವಾರವೇ ಬರೆದಿದ್ದರೆ ಈ ವಿಮರ್ಶೆ ಬೇರೆ ಥರ ಇರುತ್ತಿತ್ತು. ಆಗ ತುಂಬ ಇಷ್ಟವಾಗಿದ್ದ ಕೆಲವು ಪಾಠ ಈಗ ನೆನಪಿಗೂ ಬರುವುದಿಲ್ಲ. ಆಗ ಬೇಸರ ತರಿಸಿದ್ದ ಒಂದೆರಡು ಪಾಠ ದಿನಾ ಕೆಲಸಕ್ಕೆ ಬರುತ್ತಿವೆ. ದೂರುಗಳೂ ಇರುವುದರಿಂದ ನಾನು ಓದಿದ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ನೀವು ಯಾವ ಕೋರ್ಸ್ ನೋಡುತ್ತಿದ್ದರೂ ಏನನ್ನು ಗಮನಿಸಬೇಕು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಮೊದಲ ಸೆಮಿಸ್ಟರ್ ಪೂರ್ತಿ ಸಿದ್ಧಾಂತ. ಅಧಿಕಾರಶಾಹಿಯ ಬಗ್ಗೆ ಬರೆದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬರುತ್ತಾರೆ, 1937ರಲ್ಲಿ ಲೂಥರ್ ಗುಲಿಕ್ ಆಡಳಿತಗಾರನ ಕೆಲಸವನ್ನು ಏಳು ಭಾಗ ಮಾಡಿ, ಅವುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಒಂದೇ ಪದದಲ್ಲಿ ಕಟ್ಟಿಟ್ಟ 'ಪೋಸ್ಡ್‌ಕಾರ್ಬ್' ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ಆಮೇಲೆ ಅದರ ಕಡೆ ಹೋಗಿಲ್ಲ. ಆದರೆ ಒಂದು ವಾರದ ಪಾಠ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೋ ವಿಲ್ಸನ್ 1887ರಲ್ಲಿ ಬರೆದ ಪ್ರಬಂಧವನ್ನು ಮೊದಲು ಓದಿಸಿದರು. ಆಡಳಿತ ಬೇರೆ, ರಾಜಕೀಯ ಬೇರೆ ಅನ್ನುವುದು ಅದರ ವಾದ. ಅದರ ಹಿಂದೆಯೇ 1968ರ ಮಿನ್ನೋಬ್ರೂಕ್ ಸಮ್ಮೇಳನದ ಬರಹಗಳನ್ನು ಕೈಗಿತ್ತರು. ಡ್ವೈಟ್ ವಾಲ್ಡೋ ಮುಂದೆ ನಿಂತು ಕಿರಿಯ ವಿದ್ವಾಂಸರನ್ನು ಸೇರಿಸಿದ್ದ ಸಮ್ಮೇಳನ ಅದು. ಆಡಳಿತಗಾರ ತಟಸ್ಥನಾಗಿ ಕೂತರೆ ಸಾಲದು, ಕೆಲಸ ಚುರುಕಾಗಿ ನಡೆದರೂ ಸಾಲದು, ಅದು ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಅಂತ ನೋಡಬೇಕು ಅಂತ ಅವರು ಹಿಡಿದ ಪಟ್ಟು. ಎರಡನ್ನೂ ಓದಿಸಿ ಮೇಷ್ಟ್ರು ಸುಮ್ಮನೆ ಕೂತುಬಿಟ್ಟರು. ಎರಡು ಗಂಟೆ ನಾವೇ ಜಗಳ ಆಡಿದೆವು. ನಮ್ಮ ಬ್ಯಾಚಿನಲ್ಲಿ 26 ಜನ. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದ ನರ್ಸ್ ಒಬ್ಬರಿದ್ದರು, ರಜೆ ಹಾಕಿ ಬಂದಿದ್ದ ಪೊಲೀಸ್ ಅಧಿಕಾರಿ ಒಬ್ಬರಿದ್ದರು. ನನ್ನಂತೆ ಡಿಗ್ರಿ ಮುಗಿಸಿ ನೇರ ಬಂದವರ ಮಾತಿಗಿಂತ ಅವರ ಮಾತಿಗೆ ತೂಕ ಜಾಸ್ತಿ ಇತ್ತು. ಅನುಭವ ಇದ್ದವರನ್ನೂ ಹೊಸಬರನ್ನೂ ಒಟ್ಟಿಗೆ ಕೂರಿಸುವ ಕೋರ್ಸ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಈಗ ಮೆಮೊ, ಅಂದರೆ ಮೇಲಧಿಕಾರಿಗೆ ಸಲಹೆ ಕೊಡುವ ಚಿಕ್ಕ ಟಿಪ್ಪಣಿ, ಬರೆಯಲು ಕಲಿಸಿದ ತರಗತಿಯ ವಿಷಯ. ಇದಕ್ಕೆ ಎಷ್ಟು ಅಂಕ ಕೊಟ್ಟರೂ ಕಡಿಮೆಯೇ.

ಪಾಠ ಮಾಡಿದ ಮೇಡಂ ಹಣಕಾಸು ಇಲಾಖೆಯಲ್ಲಿ ಬಹಳ ವರ್ಷ ಇದ್ದವರು. ವಾರಕ್ಕೊಂದು ಸಮಸ್ಯೆ ಕೊಡುತ್ತಿದ್ದರು. ಒಂದೇ ಪುಟದಲ್ಲಿ ಬರೆದು ತರಬೇಕು. "ನಿಮ್ಮ ಮೇಲಧಿಕಾರಿಗೆ ಇದನ್ನು ಓದಲು ಸಿಗೋದು ಲಿಫ್ಟ್ ಹತ್ತಿ ಇಳಿಯೋಷ್ಟು ಹೊತ್ತು" ಅನ್ನುತ್ತಿದ್ದರು. ನನ್ನ ಮೊದಲ ಮೆಮೊ, ಒಂದು ರಸ್ತೆಯ ಹಳೆಯ ಪೈಪನ್ನು ಈಗಲೇ ಬದಲಾಯಿಸಬೇಕಾ, ಇಲ್ಲಾ ಒಡೆದಾಗಲೆಲ್ಲ ರಿಪೇರಿ ಮಾಡಿಕೊಂಡು ಹೋಗಬೇಕಾ ಅನ್ನುವುದರ ಬಗ್ಗೆ. ಆ ಪೈಪಿನ ಇತಿಹಾಸವನ್ನೇ ಮೂರು ಪ್ಯಾರಾ ಬರೆದಿದ್ದೆ. "ಏನು ಮಾಡಬೇಕು ಅಂತ ಹೇಳೇ ಇಲ್ಲ" ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟರು. ಎರಡನೇ ಸಲ ಸಲಹೆಯನ್ನು ಮೊದಲ ಸಾಲಿಗೆ ತಂದೆ, ಖರ್ಚು ಬರೆದಿರಲಿಲ್ಲ. ಮೂರನೇ ಸಲ ಖರ್ಚು ಬಂತು. ಕೆಲಸ ನಡೆಯುವಾಗ ಎಷ್ಟು ಮನೆಗೆ ಎಷ್ಟು ದಿನ ನೀರಿಲ್ಲ ಅನ್ನುವುದು ಬಂದಿರಲಿಲ್ಲ. ನಾಲ್ಕನೇ ಸಲಕ್ಕೆ ಒಪ್ಪಿದರು.

ಅವರಿಗೆ ಆಗದ ಮಾತು ಒಂದಿತ್ತು. "ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದರೆ ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ "ಯಾರು? ಯಾವಾಗ?" ಅಂತ ಕೇಳುತ್ತಿದ್ದರು. "ಪರಿಗಣಿಸಬಹುದಾಗಿದೆ" ಅನ್ನುವುದಕ್ಕೂ ಅದೇ ಗತಿ. ಈಗ ಕಚೇರಿಯಲ್ಲಿ ಟಿಪ್ಪಣಿ ಬರೆಯಲು ಕೂತರೆ ಆ ಎರಡು ಪ್ರಶ್ನೆ ತಾನಾಗಿ ಬರುತ್ತವೆ. ನಾನು ಬರೆದ ಫೈಲಿನಲ್ಲಿ ಕೆಲಸ ಮಾಡುವವರ ಹುದ್ದೆ ಇರುತ್ತದೆ, ತಾರೀಖು ಇರುತ್ತದೆ. ಫೈಲು ಬೇಗ ಹಿಂದಿರುಗುತ್ತದೆ. ಇದೊಂದು ತರಗತಿಗೇ ಫೀಸ್ ಸಾರ್ಥಕ ಅಂತ ನಾನು ಮನಸಾರೆ ಹೇಳುತ್ತೇನೆ.

ಬಜೆಟ್ ಪಾಠ ಆಗ ಬೇಸರ ತರಿಸಿತ್ತು. ಒಂದೊಂದು ಖರ್ಚಿಗೆ ಒಂದೊಂದು ಸಾಲು ಬರೆಯುವ ಬಾಬ್ತುವಾರು ಬಜೆಟ್, ಪ್ರತಿ ಸಲ ಸೊನ್ನೆಯಿಂದ ಲೆಕ್ಕ ಹಾಕುವ ಶೂನ್ಯ ಆಧಾರಿತ ಬಜೆಟ್ ಅಂತ ಕೋಷ್ಟಕಗಳೋ ಕೋಷ್ಟಕಗಳು. ಆದರೆ ವಿ. ಓ. ಕೀ ಅನ್ನುವ ವಿದ್ವಾಂಸರು 1940ರಲ್ಲೇ ಎತ್ತಿದ್ದ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇಷ್ಟು ಹಣವನ್ನು ಆ ಕೆಲಸಕ್ಕೆ ಕೊಡದೆ ಈ ಕೆಲಸಕ್ಕೇ ಯಾಕೆ ಕೊಡಬೇಕು? ಪಂಪು ಕೊಳ್ಳುವ ಹಣದಲ್ಲಿ ಸೋರಿಕೆ ಹುಡುಕುವ ಇಬ್ಬರು ಸಿಬ್ಬಂದಿಗೆ ಸಂಬಳ ಕೊಡಬಹುದು. ಯಾವುದು ಮೊದಲು? ಕೋಷ್ಟಕ ಉತ್ತರ ಕೊಡುವುದಿಲ್ಲ. ಆದರೆ ಕೋಷ್ಟಕ ಓದಲು ಬಾರದವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಅಂಕಿಅಂಶದ ತರಗತಿಯಲ್ಲಿ ಹೆಚ್ಚು ಹೊತ್ತು ಸಾಫ್ಟ್‌ವೇರ್ ಗುಂಡಿ ಒತ್ತುವುದರಲ್ಲೇ ಹೋಯಿತು. ಒಂದು ಉದಾಹರಣೆ ಮಾತ್ರ ಚಿನ್ನದಂಥದ್ದು. ಹತ್ತು ದೂರು ಬಂದವು ಅನ್ನಿ. ಒಂಬತ್ತು 2 ದಿನದಲ್ಲಿ ಸರಿಯಾದವು, ಒಂದಕ್ಕೆ 42 ದಿನ ಹಿಡಿಯಿತು. ಸರಾಸರಿ 6 ದಿನ. ಆದರೆ ಆ ಹತ್ತು ಜನರಲ್ಲಿ ಒಬ್ಬರೂ 6 ದಿನ ಕಾದಿಲ್ಲ. ನಮ್ಮ ವಿಭಾಗದ ತಿಂಗಳ ವರದಿಯಲ್ಲಿ ಸರಾಸರಿ ಒಂದೇ ಇರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ದಿನ ಕಾದ ಐದು ಮನೆಗಳ ಪಟ್ಟಿಯನ್ನೂ ಅದರ ಕೆಳಗೆ ಹಾಕೋಣ ಅಂತ ಕೇಳಿ ಒಪ್ಪಿಸಿದ್ದೇನೆ.

ನೀತಿಶಾಸ್ತ್ರದ ಪಾಠ ಅಂದಾಗ ಉಪದೇಶ ಇರುತ್ತದೆ ಅಂದುಕೊಂಡಿದ್ದೆ. ಬದಲಿಗೆ ನಮ್ಮ ಕೈಯಲ್ಲಿ ಚಾಲೆಂಜರ್ ದುರಂತವನ್ನು ಆಡಿಸಿದರು. 1986ರ ಜನವರಿ 28ರಂದು ಆ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿನಲ್ಲಿ ಚೂರಾಗಿ ಏಳೂ ಜನ ತೀರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ರಾಕೆಟ್ ಬೂಸ್ಟರ್ ಮಾಡಿದ್ದ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ, ಚಳಿಗೆ ರಬ್ಬರ್ ಉಂಗುರಗಳು ಸೆಟೆದುಕೊಳ್ಳುತ್ತವೆ, ಹಾರಿಸಬೇಡಿ ಅಂತ ಫೋನ್ ಸಭೆಯಲ್ಲಿ ಹೇಳಿದ್ದರು. ಅವರದೇ ಮ್ಯಾನೇಜರ್‌ಗಳು ಕೊನೆಗೆ ಆ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ನನಗೆ ಬಂದದ್ದು ಮ್ಯಾನೇಜರ್ ಪಾತ್ರ. ಮೇಲಿನವರು ಬೇಗ ಹೇಳಿ ಅಂತಿದ್ದಾರೆ, ಕೆಳಗಿನವರ ಬಳಿ ಇರುವ ಪುರಾವೆ ಅರೆಬರೆ. ಇಪ್ಪತ್ತು ನಿಮಿಷದಲ್ಲಿ ನಾನು "ಸರಿ" ಅಂದುಬಿಟ್ಟೆ. ಮುಂದೇನಾಗುತ್ತದೆ ಅಂತ ಗೊತ್ತಿದ್ದೂ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಾರ್ಬರಾ ರೋಮ್ಜೆಕ್ ಮತ್ತು ಮೆಲ್ವಿನ್ ಡುಬ್ನಿಕ್ 1987ರಲ್ಲಿ ಇದೇ ದುರಂತವನ್ನಿಟ್ಟುಕೊಂಡು ಬರೆದ ಲೇಖನ ಓದಿಸಿದರು. ಮೇಲಧಿಕಾರಿಗೆ, ಕಾನೂನಿಗೆ, ನಮ್ಮ ವೃತ್ತಿಗೆ, ರಾಜಕೀಯಕ್ಕೆ ಅಂತ ನಾವು ಉತ್ತರ ಕೊಡಬೇಕಾದದ್ದು ನಾಲ್ಕು ಕಡೆಗೆ. ಪರಿಣತರಿಗೆ ಬಿಡಬೇಕಾದ ನಿರ್ಧಾರವನ್ನು ಮೇಲಿನ ಒತ್ತಡ ಎಳೆದುಕೊಂಡಾಗ ಏನಾಗುತ್ತದೆ ಅನ್ನುವುದು ಆಗ ಪೂರ್ತಿ ಅರ್ಥವಾಯಿತು. ಈಗ ನಮ್ಮ ನೀರಿನ ಪರೀಕ್ಷೆ ಮಾಡುವ ಕೆಮಿಸ್ಟ್ "ಇವತ್ತು ಬಿಡಬೇಡಿ" ಅಂದರೆ ನಾನು ವಾದ ಮಾಡುವುದಿಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆದು, ಸಮಯ ಹಾಕಿ, ಮೇಲಕ್ಕೆ ಕಳಿಸುತ್ತೇನೆ.

ಮೊದಲ ವರ್ಷ ಮುಗಿದ ಮೇಲೆ ಹತ್ತು ವಾರದ ಇಂಟರ್ನ್‌ಶಿಪ್. ನನ್ನನ್ನು ಹಾಕಿದ್ದು ಒಂದು ಪಿಂಚಣಿ ಕಚೇರಿಯ ಕೌಂಟರಿಗೆ. ಗೆಳತಿಯೊಬ್ಬಳಿಗೆ ಆಯುಕ್ತರ ಕಚೇರಿ ಸಿಕ್ಕಿತ್ತು. ನನಗೆ ಅಳು ಬರುವಷ್ಟು ಬೇಸರವಾಗಿತ್ತು.

ಮೂರನೇ ದಿನ ವಯಸ್ಸಾದ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಇದು ಅವರ ಐದನೇ ಓಡಾಟ. ಒಂದು ದಾಖಲೆಯಲ್ಲಿದ್ದ ಹೆಸರಿಗೂ ಇನ್ನೊಂದರಲ್ಲಿದ್ದ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಇಂಥ ಸಣ್ಣ ವ್ಯತ್ಯಾಸಕ್ಕೆ ದೃಢೀಕರಣ ಪತ್ರ ಒಂದಿದ್ದರೆ ಸಾಕು ಅಂತ ನಿಯಮದಲ್ಲೇ ಇತ್ತು. ಹಿಂದಿನ ನಾಲ್ಕು ಸಲವೂ ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ಅವರನ್ನು ಕೂರಿಸಿ ಪತ್ರ ಬರೆಸಿ ಕೆಲಸ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮ, ವಾಪಸ್ ಕಳಿಸಲೇಬೇಕು ಅಂತಾದರೆ ಏನೇನು ತರಬೇಕು ಅಂತ ಒಂದೇ ಚೀಟಿಯಲ್ಲಿ ಬರೆದು ಕೊಡು. ಒಂದೊಂದು ಸಲ ಒಂದೊಂದು ಹೇಳಬೇಡ" ಅಂದರು.

ಜನರ ಎದುರು ಕೂರುವ ಗುಮಾಸ್ತ, ಶಿಕ್ಷಕ, ಪೊಲೀಸ್ ಇವರೇ ದಿನದಿನದ ತೀರ್ಮಾನಗಳಿಂದ ಸರ್ಕಾರದ ನೀತಿಯನ್ನು ನಿಜವಾಗಿ ರೂಪಿಸುತ್ತಾರೆ ಅಂತ ರಾಜ್ಯಶಾಸ್ತ್ರಜ್ಞ ಮೈಕಲ್ ಲಿಪ್ಸ್‌ಕಿ 1980ರಲ್ಲಿ ಬರೆದಿದ್ದರು. ತರಗತಿಯಲ್ಲಿ ಅದನ್ನು ಓದಿ ಅಡಿಗೆರೆ ಎಳೆದಿದ್ದೆ. ಕಣ್ಣಾರೆ ಕಂಡದ್ದು ಆ ಕೌಂಟರಿನಲ್ಲಿ. ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ ಅನ್ನುವ ವಿದ್ವಾಂಸರು ಸರ್ಕಾರಿ ಸೌಲಭ್ಯ ಪಡೆಯಲು ಜನ ತೆರುವ ಬೆಲೆ ಮೂರು ಥರ ಅನ್ನುತ್ತಾರೆ. ಏನು ಸಿಗುತ್ತದೆ ಅಂತ ತಿಳಿದುಕೊಳ್ಳುವ ಶ್ರಮ, ಕಾಗದ ಪತ್ರ ಹೊಂದಿಸುವ ಶ್ರಮ, ಮನಸ್ಸಿಗೆ ಆಗುವ ನೋವು. ಆ ಹೆಂಗಸು ಮೂರನ್ನೂ ಐದು ಸಲ ತೆತ್ತಿದ್ದರು. ಉಳಿದ ವಾರಗಳಲ್ಲಿ ನಾನು ಆ ಅರ್ಜಿ ನಮೂನೆಯನ್ನೇ ಹಿಡಿದು ಕೂತೆ. ನಾಲ್ಕು ಪುಟ. ಹುಟ್ಟಿದ ತಾರೀಖು ಮೂರು ಕಡೆ ಕೇಳಿದ್ದರು. ಎರಡು ಪುಟಕ್ಕೆ ಇಳಿಸಿ ಕೊಟ್ಟೆ. ನಮೂನೆ ಬದಲಾಗಲು ಮೇಲಿನ ಒಪ್ಪಿಗೆ ಬೇಕಿತ್ತು, ನನ್ನ ಹತ್ತು ವಾರ ಸಾಲಲಿಲ್ಲ. ಆದರೆ "ಏನೇನು ತರಬೇಕು" ಅನ್ನುವ ಚೀಟಿ ಅಚ್ಚಾಗಿ ಕೌಂಟರಿನ ಮೇಲೆ ಬಂತು.

ಇನ್ನು ದೂರುಗಳು.

ಟೆಂಡರ್ ಬಗ್ಗೆ ಎರಡು ವರ್ಷದಲ್ಲಿ ಒಂದು ತರಗತಿಯೂ ಇರಲಿಲ್ಲ. ಇದು ದೊಡ್ಡ ಕೊರತೆ, ಸುಮ್ನೆ ಹೇಳುತ್ತಿಲ್ಲ. ಸರ್ಕಾರದ ಹಣ ಎಷ್ಟೊಂದು ಕೊಳ್ಳುವುದರಲ್ಲೇ ಹೋಗುತ್ತದೆ ಅಲ್ವಾ? ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳು ಒಂದು ಪಂಪಿನ ಟೆಂಡರ್ ಕರಡು ನನ್ನ ಮೇಜಿಗೆ ಬಂತು. ಅಳತೆಗಳೆಲ್ಲ ಒಂದೇ ಕಂಪನಿಯ ಮಾದರಿಗೆ ಮಾತ್ರ ಹೊಂದುವಂತಿದ್ದವು. ನನಗೆ ಗೊತ್ತೇ ಆಗಲಿಲ್ಲ, ಸಹಿ ಹಾಕಲು ಹೊರಟಿದ್ದೆ. ಎಂಜಿನಿಯರ್ ಒಬ್ಬರು ತಡೆದರು. ಪಂಪಿನ ಅಳತೆ ಬರೆಯಬಾರದು, ಗಂಟೆಗೆ ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಅಂತ ಬರೆಯಬೇಕು, ಆಗ ಯಾರು ಬೇಕಾದರೂ ಸ್ಪರ್ಧಿಸಬಹುದು ಅಂತ ಹೇಳಿಕೊಟ್ಟರು. ಹತ್ತು ನಿಮಿಷದ ಪಾಠ. ಇದನ್ನು ಕೋರ್ಸ್‌ನಲ್ಲೇ ಕಲಿಸಬೇಕಿತ್ತು.

ಕೊನೆಯ ಸೆಮಿಸ್ಟರಿನ ತಂಡದ ಯೋಜನೆ ಅರ್ಧ ಒಳ್ಳೆಯದು. ಐದು ಜನ ಸೇರಿ ಒಂದು ಸಣ್ಣ ಊರಿನ ಕಸ ಸಂಗ್ರಹದ ವೇಳಾಪಟ್ಟಿ ಮಾಡಿಕೊಟ್ಟೆವು. ಎಲ್ಲರೂ ಮೆಚ್ಚಿದರು, ಜಾರಿಗೆ ಬರಲಿಲ್ಲ. ಲಾರಿ ಚಾಲಕರ ಪಾಳಿ ಯಾವಾಗ ಬದಲಾಗುತ್ತದೆ ಅಂತ ನಾವ್ಯಾರೂ ಕೇಳಿರಲಿಲ್ಲ. ನಮ್ಮ ಮಾರ್ಗದರ್ಶಕರೂ ಕೇಳಲಿಲ್ಲ. ಚಾಲಕರ ಜೊತೆ ಒಂದು ದಿನ ಕೂತು ಹೋಗುವುದು ಕಡ್ಡಾಯ ಅಂತ ಒಂದು ಸಾಲು ನಿಯಮ ಇದ್ದಿದ್ದರೆ ಸಾಕಿತ್ತು.

ಉದ್ಯೋಗ ಮಾರ್ಗದರ್ಶನ ಕೇಂದ್ರ ನನಗೆ ಬೇಸರ ತಂದಿತು. ಬಯೋಡೇಟಾ ತಿದ್ದಿಕೊಟ್ಟರು, ಎಲ್ಲ ಕಡೆ ಅರ್ಜಿ ಹಾಕಿ ಅಂದರು, ಮುಗಿಯಿತು. ಸರ್ಕಾರಿ ನೇಮಕಾತಿ ತಿಂಗಳುಗಟ್ಟಲೆ ಎಳೆಯುತ್ತದೆ, ಹಾಗಾಗಿ ಕೊನೆಯ ಸೆಮಿಸ್ಟರಿಗೂ ಮುಂಚೆಯೇ ಶುರು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಏಳು ತಿಂಗಳು ಮನೆಯಲ್ಲಿ ಕೂತೆ. ಕೊನೆಗೆ ದಾರಿ ತೋರಿಸಿದ್ದು ಹಿಂದಿನ ಬ್ಯಾಚಿನವರು. ಸ್ಥಳೀಯ ಸಂಸ್ಥೆ, ಲೆಕ್ಕ ತಪಾಸಣೆ, ಸೇವಾ ಸಂಸ್ಥೆ, ಹೀಗೆ ಬೇರೆ ಬೇರೆ ಕಡೆ ಇದ್ದ ಆರು ಜನರಿಗೆ ನಾನೇ ಫೋನ್ ಮಾಡಿ ಅರ್ಧ ಗಂಟೆ ಸಮಯ ಕೇಳಿದೆ. ಒಬ್ಬರೂ ಇಲ್ಲ ಅನ್ನಲಿಲ್ಲ.

ಸೇರುವ ಮುಂಚೆ ಮಾನ್ಯತೆ ಇದೆಯಾ ನೋಡಿ. ಈ ಕ್ಷೇತ್ರದ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ನಾಸ್ಪಾ ಹೆಸರಾದದ್ದು. ವಿದ್ಯಾರ್ಥಿಗೆ ಬರಬೇಕಾದ ಐದು ಸಾಮರ್ಥ್ಯಗಳನ್ನು ಅದು ಗುರುತಿಸಿದೆ. ಮುನ್ನಡೆಸುವುದು, ನೀತಿ ರೂಪಿಸುವುದರಲ್ಲಿ ಪಾಲ್ಗೊಳ್ಳುವುದು, ಯೋಚಿಸಿ ತೀರ್ಮಾನಿಸುವುದು, ಸಾರ್ವಜನಿಕ ಸೇವೆಯ ಕಣ್ಣಿಂದ ನೋಡುವುದು, ಬೇರೆ ಬೇರೆ ಹಿನ್ನೆಲೆಯ ಜನರ ಜೊತೆ ಬೆರೆತು ಕೆಲಸ ಮಾಡುವುದು. ಮಾನ್ಯತೆ ಇದ್ದರೂ ಇಲ್ಲದಿದ್ದರೂ ಕೋರ್ಸ್‌ನವರಿಗೆ ನೇರವಾಗಿ ಕೇಳಿ: ಇಂಟರ್ನ್‌ಶಿಪ್ ಎಷ್ಟು ವಾರ, ಎಲ್ಲಿಗೆ ಕಳಿಸುತ್ತೀರಿ, ಜನರ ಎದುರು ಕೂರಿಸುತ್ತೀರಾ, ಕಳೆದ ಬ್ಯಾಚಿನವರು ಈಗ ಎಲ್ಲಿದ್ದಾರೆ? ಇಂಟರ್ನ್‌ಶಿಪ್ ಬೇಕಿದ್ದರೆ ಮಾಡಬಹುದು, ಕಡ್ಡಾಯ ಅಲ್ಲ ಅಂದರೆ ಬೇರೆ ಕಡೆ ನೋಡಿ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಟೆಂಡರ್ ಪಾಠ ಇಲ್ಲದ್ದಕ್ಕೆ ಮತ್ತು ಆ ಏಳು ತಿಂಗಳಿಗೆ. ಈ ಎರಡನ್ನೂ ಪತ್ರ ಬರೆದು ವಿಭಾಗಕ್ಕೆ ತಿಳಿಸಿದ್ದೇನೆ, ಒಂದೇ ಪುಟದಲ್ಲಿ. ಬರುವ ಸೆಮಿಸ್ಟರಿನಲ್ಲಿ ಬಂದು ಒಂದು ದಿನ ಪಾಠ ಮಾಡಿ ಅಂತ ಮೆಮೊ ಮೇಡಂ ಉತ್ತರ ಕಳಿಸಿದ್ದಾರೆ. ಆ ಪಂಪಿನ ಟೆಂಡರಿನ ಹಳೆಯ ಕರಡನ್ನೂ ಹೊಸ ಕರಡನ್ನೂ ಹಿಡಿದುಕೊಂಡು ಹೋಗುತ್ತೇನೆ.